ಆಶ್ರಯ ಕೇಂದ್ರದ ಮ್ಯಾಲ ಇನ್ನೊಂದು ಮಾಳಿಗಿ ಕಟ್ಟೋದು ಬರಾಬರ್ ಏನ್ರಿ? 50 ಹಾಸಿಗಿ 100 ಆಗ್ತದಂತ

ಬಿಸಿಲೂರ್_ಮಂದಿ
ಕಲಬುರಗಿಯವರಿಗೆ ಒಂದು ಪ್ರಶ್ನೆ. ನಮ್ಮ ವಾರ್ಡಿನಾಗಿನ ವಸತಿರಹಿತರ ಆಶ್ರಯ ಕೇಂದ್ರದಾಗ ಈಗ 50 ಹಾಸಿಗಿ ಅವ. ಮ್ಯಾಲ ಒಂದು ಮಾಳಿಗಿ ಏರಿಸಿ 100 ಮಾಡೋಣ ಅಂತ ಮಾತು ನಡೆದದ, ವಾರ್ಡ್ ಸಭಾದಾಗ ಅಭಿಪ್ರಾಯ ಕೇಳ್ತಾರ. ಕೆಳಗಿನ ಹಾಲ್ 50 ಅಡಿ ಉದ್ದ, 40 ಅಡಿ ಅಗಲ. ಸಂಡಾಸ 5, ಬಚ್ಚಲ 4, ಸಂಪ್ 10,000 ಲೀಟರಿಂದು. ಮ್ಯಾನೇಜರ್ ಒಬ್ಬ, ಕೇರ್‌ಟೇಕರ್ ಮೂವರು. ಹಾಸಿಗಿ ಹೆಚ್ಚಾದ್ರ ಛಲೋನೇ ಅಲ್ಲೇನು ಅಂತ ಒಂದು ಗುಂಪು, ಇರೋದನ್ನ ಮೊದ್ಲು ನೆಟ್ಟಗ ನಡಸ್ರಿ ಅಂತ ಇನ್ನೊಂದು ಗುಂಪು. ಈ ಕೆಲಸ ಗೊತ್ತಿದ್ದವರು ಲೆಕ್ಕ ಹಿಡಿದು ಹೇಳ್ರಿ. ‘ಪಾಪ, ಬಡವರು’ ಅನ್ನೋ ಮಾತು ಸಾಕಷ್ಟು ಕೇಳೀವಿ.

ಫರ್ಸಿ_ಕಲ್ಲು
ಈಗಿರೋ ಲೆಕ್ಕಾನೇ ಕೂಡಂಗಿಲ್ಲಲ್ರಿ. 50 ಗುಣಿಸು 40 ಅಂದ್ರ 2,000 ಚದರಡಿ. ಡೇ-ನಲ್ಮ್ (ನಗರದ ಬಡವರ ಜೀವನೋಪಾಯಕ್ಕ ಕೇಂದ್ರ ಸರ್ಕಾರ ನಡಸಿದ ಯೋಜನೆ, 2024ರಾಗ ಮುಗೀತು) ಮಾರ್ಗಸೂಚಿ ಪ್ರಕಾರ ತಲೆಗೆ ಕನಿಷ್ಠ 50 ಚದರಡಿ ಬೇಕು. ಅಂದ್ರ 40 ಮಂದಿ. ಮ್ಯಾನೇಜರ್ ಟೇಬಲ್ಲು, ಕಪಾಟು, ಓಡಾಡೋ ದಾರಿ ತೆಗೆದ್ರ 35 ಉಳದ್ರ ಹೆಚ್ಚು. ಮ್ಯಾಲ ಅಷ್ಟೇ ಅಳತಿ ಮಾಳಿಗಿ ಕಟ್ಟಿದ್ರ ಎರಡೂ ಸೇರಿ 70ರಿಂದ 80. ನೂರು ಎಲ್ಲಿಂದ ಬಂತು?

ಖಾಲಿ_ಕಿಸೆ
ಬಂಕ್ ಕಾಟ್ ಹಾಕಿದ್ರ ಮುಗೀತು. ರೈಲಿನಾಗ ಮೂರು ಮೂರು ಅಂತಸ್ತು ಮಲಗಲ್ಲೇನು ಮಂದಿ?

ರಾತ್ರಿ_ಪಾಳಿ
@ಖಾಲಿ_ಕಿಸೆ ರೈಲಿನಾಗ ಒಂದು ರಾತ್ರಿ ಮಲಗ್ತಾರ್ರಿ, ಇಲ್ಲಿ ವರ್ಷಗಟ್ಟಲೆ. ಬಂಕ್ ಕಾಟಿನ ಮ್ಯಾಲಿನ ಹಾಸಿಗಿ ಮೂರು ಥರದವರಿಗೆ ಕೊಡ್ಲಾಕ ಬರಂಗಿಲ್ಲ: ವಯಸ್ಸಾದವರು, ಮೂರ್ಛೆರೋಗ ಇದ್ದವರು, ಕುಡಿದು ಬಂದವರು. ಆಶ್ರಯ ಕೇಂದ್ರದಾಗ ಇವರ ಸಂಖ್ಯಾನೇ ದೊಡ್ಡದು. ಹಂಗಾಗಿ ಮ್ಯಾಲಿನ ಹಾಸಿಗಿ ಖಾಲಿ, ಕೆಳಗಿನ ಹಾಸಿಗಿಗೆ ಜಗಳ. ಇನ್ನೊಂದು: ಕಾಟು ಎರಡು ಅಂತಸ್ತು ಆದ್ರ ಹಾಲಿನಾಗಿನ ಗಾಳಿ ಎರಡು ಪಟ್ಟು ಆಗಂಗಿಲ್ಲ. ಫ್ಯಾನಿನ ಹತ್ರ ತಲೆ ಬರ್ತದ, ಅದು ಬ್ಯಾರೆ ಅಪಾಯ.

ಫರ್ಸಿ_ಕಲ್ಲು
ಗಾಳಿ ಮಾತು ಬಂತಲ್ಲ, ಒಣ ಸೆಕೆಯ ಊರಿಗೆ ನೆಲದ ಅಳತಿಯ ಹತ್ತರಾಗ ಒಂದು ಪಾಲು ಕಿಡಕಿ ಇರಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳ್ತದ. 2,000 ಚದರಡಿಗೆ 200 ಚದರಡಿ ಕಿಡಕಿ. 4 ಅಡಿ ಗುಣಿಸು 5 ಅಡಿ ಅಂದ್ರ 20, ಅಂಥವು 10 ಬೇಕು. ಎಣಿಸಿ ನೋಡ್ರಿ, ಎಷ್ಟು ಅವ ಅಂತ. ಸೊಳ್ಳಿ ಬರ್ತಾವಂತ ಅರ್ಧ ಕಿಡಕಿಗೆ ಪ್ಲೈವುಡ್ ಬಡಿದಿದ್ರ ಅವು ಲೆಕ್ಕಕ್ಕ ಇಲ್ಲ. ಜಾಳಗಿ ಹಚ್ಚಬೇಕು, ಮುಚ್ಚಬಾರದು.

ಮಾಳಿಗಿ ವಿಷಯ. ನಮ್ ಕಡಿ ಭಾಳಷ್ಟು ಕಡಿ ಎರಿ ಮಣ್ಣು. ನೀರು ಕುಡಿದ್ರ ಉಬ್ಬತದ, ಬ್ಯಾಸಿಗಿಗೆ ಬಿರಿತದ. ಒಂದೇ ಅಂತಸ್ತಿಗೆ ಅಂತ ಹಾಕಿದ ಬುನಾದಿ ಮುರ್ರಂ (ಕೆಳಗಿನ ಗಟ್ಟಿ ಗರಸು ಮಣ್ಣು) ತನಕ ಇಳಿದದೋ ಇಲ್ಲೋ ನೋಡದೆ ಮ್ಯಾಲ ಏರಿಸಿದ್ರ ಎರಡನೇ ಮಳಿಗಾಲಕ್ಕ ಕಿಡಕಿ ಮೂಲಿಯಿಂದ ಓರೆ ಬಿರುಕು ಬರ್ತಾವ. ಮೊದ್ಲು ಎರಡು ಮೂಲಿ ಕಂಬದ ಹತ್ರ ಗುಂಡಿ ತೋಡಿ ಫೂಟಿಂಗಿನ (ಕಂಬದ ಬುಡದ ಕಾಂಕ್ರೀಟ್) ಅಳತಿ, ಆಳ ನೋಡ್ಬೇಕು. ಕಂಬದ ಕಾಂಕ್ರೀಟಿಗೆ ರಿಬೌಂಡ್ ಹ್ಯಾಮರ್ ಟೆಸ್ಟ್ (ಬಡಿದು ಗಟ್ಟಿತನ ನೋಡೋದು) ಮಾಡಿಸ್ಬೇಕು. ಹಳೇ ನಕ್ಷಾದಾಗ ಎಷ್ಟು ಅಂತಸ್ತಿಗೆ ಡಿಸೈನ್ ಮಾಡ್ಯಾರ ಅನ್ನೋದು ಬರೆದಿರ್ತದ. ಆ ಕಾಗದ ಇಲ್ಲದೆ ವಾರ್ಡ್ ಸಭಾದಾಗ ‘ಮಾಳಿಗಿ’ ಅನ್ನೋ ಮಾತೇ ಎತ್ತಬಾರದು.

ಗಂಜ್_ಕಟ್ಟಿ
ಅದಿರ್ಲಿ, ಮೇ ತಿಂಗಳದಾಗ ಆ ಮಾಳಿಗ್ಯಾಗ ಮಲಗವರು ಯಾರು? ಹಗಲು 42, 43 ಡಿಗ್ರಿ ಕಾದ ಸ್ಲ್ಯಾಬು ರಾತ್ರಿ ಎರಡರ ತನಕ ಬೆಂಕಿ ಉಗುಳ್ತದ. ಮಂದಿ ಚಾದರ ತಗೊಂಡು ಮತ್ತ ಫುಟ್‌ಪಾತಿಗೇ ಬರ್ತಾರ.

ಖಾಲಿ_ಕಿಸೆ
ಕೂಲರ್ ಹಚ್ಚಬೇಕಪ್ಪ.

ಗಂಜ್_ಕಟ್ಟಿ
ಹಚ್ಚು. ನೀರು ನಿಮ್ಮಪ್ಪ ತರ್ತಾನೇನು?

ಫರ್ಸಿ_ಕಲ್ಲು
ಇಬ್ಬರೂ ಜರಾ ತಣ್ಣಗ ಕೂಡ್ರಿ. ಒಣ ಸೆಕೆಗೆ ಕೂಲರ್ ಕೆಲಸ ಮಾಡ್ತದ, ಆದ್ರ ಎದುರಿನ ಕಿಡಕಿ ತೆರೆದಿರಬೇಕು. ಕಿಡಕಿ ಮುಚ್ಚಿ ಹಚ್ಚಿದ್ರ ಹಸಿ ಗಾಳಿ ಅಲ್ಲೇ ತಿರುಗಿ ಮೈ ಅಂಟ್ತದ, ಚಾದರಿಗೆ ಮುಗ್ಗಲು ವಾಸನಿ ಬರ್ತದ. ಟಾಕಿ ವಾರಕ್ಕೊಮ್ಮೆ ಪೂರಾ ಖಾಲಿ ಮಾಡಿ ಉಜ್ಜಿ ಒಣಗಿಸ್ಬೇಕು, ಇಲ್ಲಾಂದ್ರ ಡೆಂಗಿ ಸೊಳ್ಳಿ ಅಲ್ಲೇ ಮರಿ ಮಾಡ್ತಾವ. ಅದಕ್ಕಿಂತ ಅಗ್ಗದ ಉಪಾಯ ಸ್ಲ್ಯಾಬಿನ ಮ್ಯಾಲ ಪ್ರತಿ ಫೆಬ್ರವರಿಯಾಗ ಎರಡು ಕೋಟ್ ದಪ್ಪ ಸುಣ್ಣ. ಮಳಿಗೆ ತೊಳೆದು ಹೋಗ್ತದ, ಹಂಗಾಗಿ ವರ್ಷ ವರ್ಷ ಬೇಕೇ ಬೇಕು. ನೆಲಕ್ಕ ಟೈಲ್ಸ್ ಬ್ಯಾಡ, ಶಹಾಬಾದ್ ಫರ್ಸಿ ಹಾಕ್ರಿ. ಪಕ್ಕದೂರಿನ ಕಲ್ಲು, ತಣ್ಣಗಿರ್ತದ, ಬಕೆಟ್ ಬಿದ್ರ ಒಡೆಯಂಗಿಲ್ಲ.

ಬೀದರಿನ_ಥಂಡಿ
ನಮ್ಮ ಬೀದರಿಗೆ ಈ ಲೆಕ್ಕ ಉಲ್ಟಾ ಅದ ಸಾಬ್. ಡಿಸೆಂಬರದಾಗ 10 ಡಿಗ್ರಿಗಿಂತ ಕೆಳಗ ಇಳಿತದ. ಬ್ಯಾಸಿಗಿಯಾಗ ಅರ್ಧ ಖಾಲಿ ಇರೋ ಕೇಂದ್ರ ಥಂಡಿಯೊಳಗ ತುಂಬಿ ಚೆಲ್ತದ. ಫರ್ಸಿ ಮ್ಯಾಲ ಬರೇ ಜಮಖಾನ ಹಾಸಿ ಮಲಗಿಸಿದ್ರ ಮುದುಕರಿಗೆ ನಿಮೋನಿಯಾ. ಕಾಟು ಬೇಕು, ತಲೆಗೆ ಎರಡು ಹೊದ್ಕಿ ಬೇಕು. ಬಿಸಿನೀರಿಗೆ ಮಾಳಿಗಿ ಮ್ಯಾಲ 500 ಲೀಟರಿನ ಸೋಲಾರ್ ಟಾಕಿ ಬೇಕು. ಹಾಸಿಗಿ ಎಣಿಸೋರು ಯಾವ ತಿಂಗಳದ ಹಾಜರಿ ನೋಡ್ಯಾರ ಅನ್ನೋದು ಕೇಳ್ರಿ ಮೊದ್ಲು.

ಬಿಸಿಲೂರ್_ಮಂದಿ
ಸಂಡಾಸ ಬಗ್ಗೆ ಯಾರೂ ಹೇಳ್ಲಿಲ್ಲ. 5 ಸಾಕಾಗ್ತಾವೇನು?

ರಾತ್ರಿ_ಪಾಳಿ
ಇಡೀ ದಿನದ ಲೆಕ್ಕ ಹಾಕಬ್ಯಾಡ್ರಿ, ಬೆಳಗ್ಗೆ 5ರಿಂದ 7ರ ಲೆಕ್ಕ ಹಾಕ್ರಿ. ಕೂಲಿ ಮಂದಿ 7ಕ್ಕ ಅಡ್ಡಾದ ಮ್ಯಾಲ ನಿಂತಿರಬೇಕು, ತಡ ಆದ್ರ ಅವತ್ತಿನ ಕೂಲಿ ಹೋಯ್ತು. ತಲೆಗೆ 6 ನಿಮಿಷ ಹಿಡೀರಿ. 50 ಮಂದಿ, 5 ಸಂಡಾಸ: ಒಂದು ತಾಸು. ನಡೀತದ. 100 ಮಂದಿ, ಅದೇ 5 ಸಂಡಾಸ: ಎರಡು ತಾಸು, ಅದೂ ಒಂದೂ ತುಂಬಿ ನಿಲ್ಲದಿದ್ರ. ಒಂದು ಚೋಕ್ ಆದ್ರ ಎರಡೂವರೆ ತಾಸು. ಆಮ್ಯಾಲ ಹಿಂದಿನ ಖಾಲಿ ಪ್ಲಾಟಿಗೆ ಹೋಗ್ತಾರ, ಪಕ್ಕದ ಮನಿಯವರು ಪಾಲಿಕೆಗೆ ದೂರು ಕೊಡ್ತಾರ, ‘ಇಂಥಾ ಕೇಂದ್ರ ನಮ್ಮ ಓಣ್ಯಾಗ ಬ್ಯಾಡ’ ಅಂತ ಶುರು. ಹಾಸಿಗಿ 100 ಮಾಡೋದಾದ್ರ ಸಂಡಾಸ 10. ಅದರಾಗ ಎರಡು ಕುರ್ಚಿ ಥರದ್ದು, ಹಿಡಕೊಳ್ಳೋ ಪೈಪ್ ಸಮೇತ.

ಚೋಕ್ ಆಗೋದಕ್ಕ ಕಾರಣಾನೂ ಗೊತ್ತಿರ್ಲಿ: ನೀರು ಕಡಿಮಿ ಹಾಕೋದು, ಗುಟಕಾ ಪಾಕೀಟು, ಹರಿದ ಬಟ್ಟಿ, ಹೆಂಗಸರ ಕಡಿ ಪ್ಯಾಡು. ಒಳಗ ಮುಚ್ಚಳದ ಡಬ್ಬಿ ಇಟ್ಟು ದಿನಾ ಖಾಲಿ ಮಾಡಿದ್ರ ಅರ್ಧ ತ್ರಾಸು ತಪ್ತದ.

ಗಂಜ್_ಕಟ್ಟಿ
ನೀರಿನ ಲೆಕ್ಕ ನಂದು. ಮನಿಗೆ ತಲೆಗೆ 135 ಲೀಟರ್ ಅಂತ ಸರ್ಕಾರದ ಮಾನದಂಡ. ಆಶ್ರಯ ಕೇಂದ್ರಕ್ಕ ಜರಾ ಕಡಿಮಿ, 100 ಹಿಡೀರಿ. 100 ಮಂದಿಗೆ ದಿನಕ್ಕ 10,000 ಲೀಟರ್. ನಿಮ್ಮ ಸಂಪ್ ಒಂದೇ ದಿನಕ್ಕ ಖಾಲಿ. ನಳ ನಾಕು ದಿನಕ್ಕೊಮ್ಮೆ ಬಂದ್ರ 40,000 ಲೀಟರ್ ಸಂಪ್ ಬೇಕು. ಅಂದ್ರ 5 ಮೀಟರ್ ಉದ್ದ, 4 ಮೀಟರ್ ಅಗಲ, 2 ಮೀಟರ್ ಆಳ. ಅಷ್ಟು ಅಂಗಳ ಅದೇನು ನೋಡ್ರಿ. ಇಲ್ಲಾಂದ್ರ 5,000 ಲೀಟರಿನ ಟ್ಯಾಂಕರ್ ದಿನಕ್ಕ ಎರಡು.

ಸಗರನಾಡಿನವ
24 ತಾಸು ನೀರಿನ ಯೋಜನೆ ಬರ್ತದಲ್ಲ ನಿಮ್ಮೂರಿಗೆ?

ಗಂಜ್_ಕಟ್ಟಿ
ಕೆಲವೇ ವಾರ್ಡಿನಾಗ ಮೊದ್ಲು ಪ್ರಾಯೋಗಿಕ ಅಂತ ಬಂದದ್ದು. ಉಳಿದವರು ಕೊಡ ಹಿಡಿದು ಕೂತಾರ. ಅದರ ಚರ್ಚಾ ಬ್ಯಾರೆ ಕಡಿ ಮಾಡೋಣ, ಇಲ್ಲಿ ಶುರು ಮಾಡಿದ್ರ ಬೆಳಗಾಗ್ತದ.

ರಾತ್ರಿ_ಪಾಳಿ
ಈಗ ರೊಕ್ಕದ ಮಾತು. ಇದನ್ನ ಯಾರೂ ವಾರ್ಡ್ ಸಭಾದಾಗ ಎತ್ತಂಗಿಲ್ಲ. ಕಟ್ಟಡಕ್ಕ ರೊಕ್ಕ ತರೋದು ಸುಲಭ: ಕಲ್ಯಾಣ ಕರ್ನಾಟಕ ಮಂಡಳಿ ಅದ, ಶಾಸಕರ ನಿಧಿ ಅದ, ಕಲ್ಲಿನ ಮ್ಯಾಲ ಹೆಸರು ಬರ್ತದ. ನಡಸೋದಕ್ಕ ರೊಕ್ಕ ಇಲ್ಲ. ನಲ್ಮ್ ಮಾರ್ಗಸೂಚಿಯಾಗ 50 ಮಂದಿಯ ಕೇಂದ್ರಕ್ಕ ವರ್ಷಕ್ಕ 6 ಲಕ್ಷದ ತನಕ ಇತ್ತು, ಅದೂ ಐದು ವರ್ಷ. ತಿಂಗಳಿಗೆ 50,000 ಆಯ್ತು. ಮ್ಯಾನೇಜರ್, ಕೇರ್‌ಟೇಕರ್ ಸೇರಿ ನಾಕು ಮಂದಿ, ತಲೆಗೆ ಬರೇ 12,000 ಹಿಡಿದ್ರೂ 48,000. ಉಳಿದ 2,000ದಾಗ ಕರೆಂಟು, ಫಿನಾಯಿಲ್, ಗ್ಯಾಸು, ಚಾದರ ತೊಳಿಯೋದು, ಪ್ರಥಮ ಚಿಕಿತ್ಸೆ ಡಬ್ಬಿ ಎಲ್ಲಾ ಆಗಬೇಕು. ಆಗ್ತದೇನು?

ಮತ್ತ ಪಾಳಿ ಲೆಕ್ಕ. ದಿನಕ್ಕ ಮೂರು ಪಾಳಿ, ವಾರಕ್ಕ 21. ಮೂರು ಮಂದಿ ವಾರಕ್ಕೊಂದು ರಜಾ ತಗೊಂಡ್ರ ತಲೆಗೆ 6ರಂತೆ 18. ಉಳಿದ ಮೂರು ಪಾಳಿಗೆ ಮನಷಾ ಇಲ್ಲ. ಆ ಮೂರು ಪಾಳಿಯಾಗೇ ಕಳವು, ಜಗಳ ಎಲ್ಲಾ ಆಗೋದು. ಹಾಸಿಗಿ ಹೆಚ್ಚು ಮಾಡೋಕಿಂತ ಮೊದ್ಲು ನಾಕನೇ ಕೇರ್‌ಟೇಕರ್ ತಗೋಬೇಕು.

ಖಾಲಿ_ಕಿಸೆ
ಭಿಕ್ಷುಕರ ಕರ ಅಂತ ಆಸ್ತಿ ತೆರಿಗ್ಯಾಗ ನಮ್ಮ ಕಡಿಂದ ತಗೋತಾರಲ್ಲ, ಅದು ಎಲ್ಲಿ ಹೋಗ್ತದ? ಅದರಾಗ ನಡಸ್ಲಿ.

ಕಾಯ್ದೆ_ಪುಸ್ತಕ
ಅದು ಬೇರೆ, ಇದು ಬೇರೆ. ಆ 3 ಪರ್ಸೆಂಟ್ ಸೆಸ್ ವಸೂಲಾಗುವುದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಅಡಿ. ಸ್ಥಳೀಯ ಸಂಸ್ಥೆ ಅದನ್ನು ಕೇಂದ್ರ ಪರಿಹಾರ ಸಮಿತಿಗೆ ಕಟ್ಟಬೇಕು, ತನ್ನಲ್ಲೇ ಇಟ್ಟುಕೊಂಡು ಖರ್ಚು ಮಾಡುವಂತಿಲ್ಲ. ಆ ಹಣದಲ್ಲಿ ನಡೆಯುವುದು ನಿರಾಶ್ರಿತರ ಪರಿಹಾರ ಕೇಂದ್ರಗಳು. ಅಲ್ಲಿಗೆ ಹಿಡಿದು ತಂದು ಸೇರಿಸುತ್ತಾರೆ, ಹೊರಗೆ ಬಿಡುವುದಕ್ಕೂ ಆದೇಶ ಬೇಕು. ಆಶ್ರಯ ಕೇಂದ್ರಕ್ಕೆ ಬರುವವರು ತಾವಾಗಿ ಬರುತ್ತಾರೆ, ಬೆಳಗ್ಗೆ ಕೆಲಸಕ್ಕೆ ಹೋಗುತ್ತಾರೆ. ‘ಹಿಡಕೊಂಡು ಹೋಗ್ತಾರಂತ’ ಎಂಬ ಹೆದರಿಕೆ ಬೀದಿಯಲ್ಲಿ ಹರಡಿರುವುದೇ ಈ ಎರಡನ್ನೂ ಒಂದೇ ವ್ಯಾನಿನಲ್ಲಿ ಬೆರೆಸಿದ್ದಕ್ಕೆ. ರಾತ್ರಿ ಸಮೀಕ್ಷೆಗೆ ಪೊಲೀಸ್ ಜೀಪಿನಲ್ಲಿ ಹೋದರೆ ಒಬ್ಬರೂ ಸಿಗುವುದಿಲ್ಲ.

ಎಷ್ಟು ಕೇಂದ್ರ ಇರಬೇಕು ಎಂಬುದಕ್ಕೂ ಉತ್ತರ ಇದೆ. ಪಿಯುಸಿಎಲ್ (ನಾಗರಿಕ ಹಕ್ಕುಗಳ ಸಂಘಟನೆ) ಹೂಡಿದ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ 24 ತಾಸು ತೆರೆದಿರುವ ಕೇಂದ್ರ ಇರಬೇಕೆಂದಿತು. ಮಾರ್ಗಸೂಚಿ ಅದಕ್ಕೆ ಲಕ್ಷಕ್ಕೆ 100 ಜನರ ಜಾಗ ಎಂದು ಸೇರಿಸಿತು. 2011ರ ಜನಗಣತಿಯಲ್ಲೇ ಕಲಬುರಗಿ ಐದು ಲಕ್ಷ ದಾಟಿದೆ, ಅಂದರೆ ಐದು ಕೇಂದ್ರ. ಬೀದರ ಎರಡು ಲಕ್ಷ ದಾಟಿದೆ, ಎರಡು ಕೇಂದ್ರ.

ಸಗರನಾಡಿನವ
ಯಾದಗಿರಿ ಲಕ್ಷ ಇಲ್ಲ ಅಂತ ನಮಗ ಏನೂ ಇಲ್ಲೇನು?

ಕಾಯ್ದೆ_ಪುಸ್ತಕ
ಇತ್ತು. ನಲ್ಮ್ ವ್ಯಾಪ್ತಿಗೆ ಜಿಲ್ಲಾ ಕೇಂದ್ರಗಳು ಜನಸಂಖ್ಯೆ ಎಷ್ಟೇ ಇರಲಿ ಬಂದಿದ್ದವು. 2011ರಲ್ಲಿ ಯಾದಗಿರಿ 74,000 ಇದ್ದರೂ ‘ನಮ್ಮದು ಸಣ್ಣ ಊರು’ ಎಂದು ನಗರಸಭೆ ಕೈ ತೊಳೆಯಲು ಆಗುತ್ತಿರಲಿಲ್ಲ.

ಗಂಜ್_ಕಟ್ಟಿ
ಹಂಗಾದ್ರ ಪ್ರಶ್ನಾನೇ ಬದಲಾಯ್ತಲ್ಲ. ಐದು ಕಡಿ ಬೇಕಾದ್ದನ್ನ ಒಂದೇ ಕಡಿ ಗೋಪುರ ಕಟ್ಟಿ ಏನ್ಮಾಡ್ತೀರಿ? ಗಂಜಿನ ಹಮಾಲರು ರಾತ್ರಿ 11ಕ್ಕ ಲಾರಿ ಇಳಿಸಿ ಮೂರು ಕಿಲೋಮೀಟರ್ ನಡ್ಕೊಂತ ನಿಮ್ಮ ಮಾಳಿಗಿಗೆ ಬರ್ತಾರೇನು? ಅಲ್ಲೇ ಅಂಗಡಿ ಕಟ್ಟಿ ಮ್ಯಾಲ ಮಲಗ್ತಾರ. ರೈಲ್ವೆ ಸ್ಟೇಷನ್ ಹತ್ರದವರು ಸ್ಟೇಷನ್ ಬಿಡಂಗಿಲ್ಲ, ಸೂಪರ್ ಮಾರ್ಕೆಟ್ ಕಡಿಯವರು ಸೂಪರ್ ಮಾರ್ಕೆಟ್ ಬಿಡಂಗಿಲ್ಲ, ದರ್ಗಾದ ಕಡಿಯವರಿಗೆ ಊಟ ಅಲ್ಲೇ ಸಿಗ್ತದ. 25, 30 ಹಾಸಿಗಿಯ ಸಣ್ಣ ಸಣ್ಣವು ಮಾಡ್ರಿ.

ರಾತ್ರಿ_ಪಾಳಿ
ಸಣ್ಣವು ಮಾಡಿದ್ರ ಪ್ರತಿ ಕಡಿ ಮೂರು ಪಾಳಿಯ ಮಂದಿ ಬೇಕು, ಅದನ್ನ ಮರೀಬ್ಯಾಡ್ರಿ. 25 ಹಾಸಿಗಿಗೂ ಮೂವರು, 50ಕ್ಕೂ ಮೂವರು. ಆದ್ರ ಎರಡನೇ ಕೇಂದ್ರ ಬ್ಯಾರೆ ಕಡಿ ಆಗ್ಬೇಕು ಅನ್ನೋದು ಖರೆ. ಹೊಸದು ಕಟ್ಟಬೇಕಂತಿಲ್ಲ, ಖಾಲಿ ಬಿದ್ದ ಸರ್ಕಾರಿ ಕಟ್ಟಡ ರಿಪೇರಿ ಮಾಡ್ಲಾಕೂ ಮಾರ್ಗಸೂಚಿಯಾಗ ಅವಕಾಶ ಇತ್ತು.

ತೊಗರಿಬ್ಯಾಳಿ
ಇಷ್ಟೊತ್ತು ಎಲ್ಲಾರೂ ಗಂಡಸರ ಲೆಕ್ಕಾನೇ ಹಾಕೀರಿ. ಬಸ್ ಸ್ಟ್ಯಾಂಡಿನಾಗ ರಾತ್ರಿ ಉಳಿಯೋ ಹೆಂಗಸರು ಎಲ್ಲಿಗೆ ಹೋಗ್ಬೇಕು? ಒಂದೇ ಗೇಟು, ಒಂದೇ ಅಂಗಳ ಇದ್ದ ಕಡಿ ಮ್ಯಾಲಿನ ಮಾಳಿಗಿ ‘ಮಹಿಳೆಯರಿಗೆ’ ಅಂತ ಬೋರ್ಡ್ ಹಾಕಿದ್ರ ಯಾರೂ ಬರಂಗಿಲ್ಲ. ಜೀನ ಹತ್ತೋ ದಾರಿ ಗಂಡಸರ ಹಾಲಿನ ಮುಂದ ಇರ್ತದ. ಬ್ಯಾರೆ ಬಾಗಿಲು, ಹೆಣ್ಣು ಕೇರ್‌ಟೇಕರ್, ಬಚ್ಚಲಕ್ಕ ಒಳಗಿನ ಚಿಲಕ, ಬಟ್ಟಿ ಒಣಗ್ಲಾಕ ಮರೆ ಇರೋ ಜಾಗ. ಇಷ್ಟು ಇದ್ರ ಮಾತ್ರ. ಸಖಿ ಕೇಂದ್ರದಾಗ (ತ್ರಾಸಿನಾಗಿರೋ ಹೆಂಗಸರಿಗೆ ಸರ್ಕಾರದ ನೆರವಿನ ಕೇಂದ್ರ) ಇಡೋದು ಐದು ದಿನದ ತನಕ, ಆರನೇ ದಿನ ಎಲ್ಲಿಗೆ ಅನ್ನೋ ಪ್ರಶ್ನಾ ಅಲ್ಲೇ ಉಳಿತದ.

ಗಂಡ ಹೆಂಡ್ತಿ ಮಕ್ಕಳು ಇದ್ದ ಕುಟುಂಬಾನೂ ಅಷ್ಟೇ. ಗಂಡಗ ಇಲ್ಲಿ, ಹೆಂಡ್ತಿಗೆ ಅಲ್ಲಿ ಅಂದ್ರ ಇಬ್ಬರೂ ಬರಂಗಿಲ್ಲ. 10 ಅಡಿ ಗುಣಿಸು 12 ಅಡಿಯ ನಾಕು ಖೋಲಿ ಮಾಡಿ ಕುಟುಂಬಕ್ಕ ಕೊಟ್ರ ಮಾಳಿಗಿಯ 50 ಹಾಸಿಗಿಗಿಂತ ಹೆಚ್ಚು ಕೆಲಸಕ್ಕ ಬರ್ತದ.

ಖಾಲಿ_ಕಿಸೆ
ಅಕ್ಕಾ, ಜಿಮ್ಸ್ ದವಾಖಾನಿ ಅಂಗಳದಾಗ ಮಲಗವರನ್ನೂ ಇದರಾಗೇ ಸೇರಿಸಿದ್ರ?

ತೊಗರಿಬ್ಯಾಳಿ
ಅಣ್ಣಾ, ಅವರಾಗ ಎರಡು ಥರ. ರೋಗಿ ಕಡಿಯವರಿಗೆ ಊರಾಗ ಮನಿ ಇರ್ತದ, ಅವರಿಗೆ ಬೇಕಾದ್ದು ದವಾಖಾನಿ ಬಾಜು ಧರ್ಮಶಾಲಾ. ಖರೆ ತ್ರಾಸು ಇರೋದು ಮನಿಮಾರು ಇಲ್ಲದ ರೋಗಿಗೆ. ಡಿಸ್ಚಾರ್ಜ್ ಮಾಡಿ ‘ದಿನಾ ಡ್ರೆಸ್ಸಿಂಗ್ ಮಾಡಿಸ್ಕೊ’ ಅಂತಾರ, ಫುಟ್‌ಪಾತಿನ ಮ್ಯಾಲ ಹೆಂಗ? ಮಾರ್ಗಸೂಚಿಯಾಗ ಚೇತರಿಸಿಕೊಳ್ಳೋ ರೋಗಿಗಳಿಗೆ, ಮಾನಸಿಕ ಅಸ್ವಸ್ಥರಿಗೆ, ಮುದುಕರಿಗೆ ವಿಶೇಷ ಕೇಂದ್ರ ಮಾಡ್ಲಾಕ ಬರ್ತಿತ್ತು. ಎರಡನೇ ಕೇಂದ್ರ ದವಾಖಾನಿ ಹತ್ರ ಇದ್ರ ಆ ಕೆಲಸ ಆಗ್ತದ.

ಹಾಸಿಗಿ ಹೆಚ್ಚು ಮಾಡೋರು ಕಜ್ಜಿ ಮತ್ತ ಟಿಬಿ ಲೆಕ್ಕಾನೂ ಹಾಕ್ಬೇಕು. ಕಜ್ಜಿ ಒಬ್ಬರಿಗೆ ಬಂದ್ರ ಪೂರಾ ಹಾಲಿಗೆ ಒಂದೇ ರಾತ್ರಿ ಔಷಧ. 5 ಪರ್ಸೆಂಟ್ ಪರ್ಮೆಥ್ರಿನ್, ಕುತ್ತಿಗಿಯಿಂದ ಪಾದದ ತನಕ, ಬೆರಳ ಸಂದು, ಉಗುರಿನ ಕೆಳಗ ಬಿಡದಂಗ. 8ರಿಂದ 14 ತಾಸು ಬಿಟ್ಟು ಜಳಕ. ಒಂದು ವಾರಕ್ಕ ಮತ್ತೊಮ್ಮೆ. ಅವತ್ತೇ ಹಾಸಿಗಿ, ಬಟ್ಟಿ ಬಿಸಿನೀರಾಗ ಒಗೀಬೇಕು, ಒಗಿಲಾಕ ಆಗದ್ದನ್ನ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಒಂದು ವಾರ ಇಡಬೇಕು. ತುರಿಸ್ಕೊಳ್ಳೋ ಒಬ್ಬನಿಗೇ ಹಚ್ಚಿ ಸುಮ್ಮನಾಗ್ತಾರ, ಹದಿನೈದು ದಿನಕ್ಕ ಮತ್ತ ಎಲ್ಲಾರಿಗೂ. ಟಿಬಿಗೆ, ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದವರ ಕಫ ಟೆಸ್ಟ್ ಆಗ್ಬೇಕು, ಅಲ್ಲಿ ತನಕ ಕಿಡಕಿ ಬಾಜು ಹಾಸಿಗಿ. ಟಿಬಿ ರೋಗಿಯ ಊಟಕ್ಕ ಸರ್ಕಾರ ಕೊಡೋ ನಿಕ್ಷಯ್ ಪೋಷಣ್ ತಿಂಗಳಿಗೆ 1,000 ರೂಪಾಯಿ ಬರ್ತದ, ಆದ್ರ ಬ್ಯಾಂಕ್ ಖಾತೆ ಬೇಕು. ಖಾತೆಗೆ ಆಧಾರ್ ಬೇಕು.

ಸಗರನಾಡಿನವ
ಆಧಾರಿಗೆ ವಿಳಾಸ ಬೇಕು. ತಿರುಗಿ ಅಲ್ಲಿಗೇ ಬಂತು.

ಕಾಯ್ದೆ_ಪುಸ್ತಕ
ದಾರಿ ಇದೆ. ಮಾನ್ಯತೆ ಪಡೆದ ಆಶ್ರಯ ಗೃಹದ ಮುಖ್ಯಸ್ಥರು ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲೇ ಪ್ರಮಾಣಪತ್ರ ಕೊಡಬಹುದು. ಫೋಟೋ ಅಂಟಿಸಿ, ಫೋಟೋ ಮೇಲೂ ಸ್ವಲ್ಪ ಬರುವಂತೆ ಸಹಿ ಮತ್ತು ಮೊಹರು. ಮೂರು ತಿಂಗಳಷ್ಟೇ ಚಾಲ್ತಿ. ಕೇಂದ್ರದ ಲೆಟರ್‌ಹೆಡ್ಡಿನಲ್ಲಿ ಬರೆದ ಪತ್ರ ತಿರಸ್ಕೃತವಾಗುತ್ತದೆ, ಸಾಮಾನ್ಯವಾಗಿ ಎಡವುವುದು ಇಲ್ಲೇ. ಹಮಾಲರ ಬೆರಳಚ್ಚು ಸವೆದಿದ್ದರೆ ಕಣ್ಣಿನ ಸ್ಕ್ಯಾನ್ ಸಾಕು.

ಮತದಾರರ ಪಟ್ಟಿಗೆ ನಮೂನೆ 6. ಮನೆ ಇಲ್ಲದವರಿಗೆ ವಿಳಾಸದ ದಾಖಲೆ ಕೇಳುವಂತಿಲ್ಲ. ಅರ್ಜಿಯಲ್ಲಿ ಬರೆದ ಜಾಗದಲ್ಲಿ ಅವರು ಮಲಗುತ್ತಾರೋ ಎಂದು ಮತಗಟ್ಟೆ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಬಂದು ನೋಡಬೇಕು. ಹಗಲು ಬಂದು ‘ಯಾರೂ ಇಲ್ಲ’ ಎಂದು ಬರೆದರೆ ಅದು ಸಲ್ಲದು.

ಒಂಟಿ ಮಕ್ಕಳು ಸಿಕ್ಕರೆ ಕೇಂದ್ರದಲ್ಲಿ ಇಟ್ಟುಕೊಳ್ಳುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ, 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ.

ಬೀದರಿನ_ಥಂಡಿ
ಹುಚ್ಚರನ್ನ ತಂದು ಬಿಟ್ಟು ಹೋಗ್ತಾರಲ್ಲ ಪೊಲೀಸರು, ಅದಕ್ಕೇನು?

ಕಾಯ್ದೆ_ಪುಸ್ತಕ
‘ಹುಚ್ಚರು’ ಬೇಡ ಸರ್. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪ್ರಕಾರ ಪೊಲೀಸರು ಅವರನ್ನು 24 ತಾಸಿನೊಳಗೆ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಒಯ್ಯಬೇಕು. ಮನೆ ಇಲ್ಲದವರಾದರೆ ಕಾಣೆಯಾದವರ ಎಫ್‌ಐಆರ್ ಕೂಡ ದಾಖಲಿಸಬೇಕು. ಆಸ್ಪತ್ರೆಯ ಚೀಟಿ ಮತ್ತು ಎಫ್‌ಐಆರ್ ಪ್ರತಿ ಇಲ್ಲದೆ ಕೇರ್‌ಟೇಕರ್ ರಿಜಿಸ್ಟರಿನಲ್ಲಿ ಬರೆದುಕೊಳ್ಳಬಾರದು.

ರಾತ್ರಿ_ಪಾಳಿ
ಹೇಳ್ಲಾಕ ಸುಲಭ. ರಾತ್ರಿ ಒಂದು ಗಂಟೆಗೆ ಜೀಪು ಬಂದು ಇಳಿಸಿ ಹೋದ್ರ ಕೇರ್‌ಟೇಕರ್ ಒಬ್ಬನೇ ಇರ್ತಾನ, ಗೇಟಿನ ಹೊರಗ ಬಿಡ್ಲಾಕ ಆಗ್ತದೇನು? ಬರ್ಕೋಬೇಕು, ಬಂದ ಟೈಮು, ಜೀಪಿನ ನಂಬರು ಬರ್ಕೋಬೇಕು, ಬೆಳಗ್ಗೆ ಮ್ಯಾನೇಜರ್ ಸ್ಟೇಷನ್ನಿಗೆ ಪತ್ರ ಕೊಟ್ಟು ಸ್ವೀಕೃತಿ ತಗೋಬೇಕು.

ಬಿಸಿಲೂರ್_ಮಂದಿ
ಇಷ್ಟೆಲ್ಲಾ ಇದ್ರೂ ಖಾಲಿ ಹಾಸಿಗಿ ಯಾಕ ಉಳಿತಾವ ಅನ್ನೋದು ಯಾರಾದ್ರೂ ಹೇಳ್ರಿ.

ಗಂಜ್_ಕಟ್ಟಿ
ಸಾಮಾನು. ಕರಣಿ, ಸಲಿಕಿ, ಬುಟ್ಟಿ, ಚಿಂದಿ ಚೀಲ, ಕೈಗಾಡಿ ಎಲ್ಲಿ ಇಡಬೇಕು? ಒಳಗ ಬಿಡಂಗಿಲ್ಲ, ಹೊರಗ ಇಟ್ರ ಬೆಳಗ್ಗೆ ಇರಂಗಿಲ್ಲ. ಗಾಡಿ ಬಿಟ್ಟು ಯಾರು ಮಲಗ್ತಾರ? ತಲೆಗೊಂದು ಒಂದೂವರೆ ಅಡಿ ಕಬ್ಬಿಣದ ಡಬ್ಬಿ, ಬೀಗ ಅವರದೇ. ಅಂಗಳದಾಗ ಗಾಡಿಗೆ ಸರಪಳಿ ಹಾಕ್ಲಾಕ ನೆಲಕ್ಕ ಹೂತ ಒಂದು ಪೈಪು. ಎರಡನೇ ಕಾರಣ, ಗೇಟು 10ಕ್ಕ ಬಂದ್. ಹೋಟೆಲ್ ಕೆಲಸದವರು ಬಿಡೋದೇ ಹನ್ನೊಂದೂವರೆಗೆ.

ತೊಗರಿಬ್ಯಾಳಿ
ಮೂರನೇದು ತಗಣಿ. ಒಂದು ರಾತ್ರಿ ಕಡಿಸ್ಕೊಂಡವರು ಮತ್ತ ಕಾಲಿಡಂಗಿಲ್ಲ. ಕಟ್ಟಿಗಿ ಕಾಟು ಬ್ಯಾಡ, ಕಬ್ಬಿಣದ್ದು ತರ್ರಿ, ಗೋಡಿಯಿಂದ ಅರ್ಧ ಅಡಿ ದೂರ. ಗಾದಿಗೆ ರೆಕ್ಸಿನ್ ಕವರ್, ಜಿಪ್ ಸಮೇತ. ದಾನ ಬಂದ ದಪ್ಪ ಕೌದಿ ನೋಡ್ಲಾಕ ಚಂದ, ಆದ್ರ ಒಗೆದ್ರ ಮೂರು ದಿನ ಒಣಗಂಗಿಲ್ಲ, ಹೊಲಿಗಿ ಸಂದಿನಾಗ ತಗಣಿ ಮೊಟ್ಟಿ ಇಡ್ತಾವ. ತೆಳ್ಳನ ಚಾದರ ಹಾಸಿಗಿಗೆ ಮೂರು ಜೋಡಿ: ಒಂದು ಮೈ ಮ್ಯಾಲ, ಒಂದು ಒಗ್ಯಾಣದಾಗ, ಒಂದು ಕಪಾಟಿನಾಗ. ಬಿಸಿಲಿಗೆ ಹಾಕಿದ್ರ ಸಾಯ್ತಾವ ಅಂತ ಗಾದಿ ಹೊರಗ ಒಗಿತಾರ. ಮ್ಯಾಲ ಕಾಯ್ತದ, ನಡುವ ತಣ್ಣಗೇ ಇರ್ತದ, ಅವು ಒಳಗ ಸರೀತಾವ. ಕರಿ ಪ್ಲಾಸ್ಟಿಕ್‌ನಾಗ ಕಟ್ಟಿ ಬಿಸಿಲಿಗೆ ಇಡೋದು ತೆಳ್ಳನ ಬಟ್ಟಿಗೆ ಮಾತ್ರ ನಡೀತದ.

ಖಾಲಿ_ಕಿಸೆ
ಮತ್ತ ನಮ್ಮಂಥವರು ಹಳೇ ಬಟ್ಟಿ ಕೊಡೋದು ಬ್ಯಾಡೇನು?

ರಾತ್ರಿ_ಪಾಳಿ
ಒಗೆದು, ಗುಂಡಿ ಹಚ್ಚಿ ಕೊಟ್ರ ಬೇಕು. ಗಂಟು ಗಂಟು ಹಳೇ ಸೀರಿ ತಂದು ಇಟ್ರ ಒಂದು ಖೋಲಿ ಅದಕ್ಕೇ ಹೋಗ್ತದ. ಕೊಡೋದಿದ್ರ ಬೀಗ, ಬಕೆಟ್ಟು, ರಬ್ಬರ್ ಚಪ್ಪಲಿ, ಹೊಸ ಒಳಗಿನ ಬಟ್ಟಿ, ಪ್ಯಾಡು ಕೊಡ್ರಿ. ರಾತ್ರಿ ಹತ್ತಕ್ಕ ಲಗ್ನದ ಊಟ ಉಳಿದದ್ದು ತರೋರಿಗೂ ಅದೇ ಮಾತು, ತರೋದಿದ್ರ ಎಂಟರೊಳಗ ಫೋನ್ ಮಾಡಿ ತರ್ರಿ. ಮೇ ತಿಂಗಳದಾಗ ಮಧ್ಯಾಹ್ನದ ಬಿರಿಯಾನಿ ರಾತ್ರಿ ತಿಂದು 50 ಮಂದಿಗೆ ಭೇದಿ ಆದ್ರ 5 ಸಂಡಾಸದ ಲೆಕ್ಕ ಮ್ಯಾಲ ನೋಡೀರಲ್ಲ.

ಬಿಸಿಲೂರ್_ಮಂದಿ
ಹಾಜರಿ ಪುಸ್ತಕ ನೋಡ್ಲಾಕ ಸಿಗ್ತದೇನ್ರಿ? ಮೇ ಎಷ್ಟು, ಆಗಸ್ಟ್ ಎಷ್ಟು, ಡಿಸೆಂಬರ್ ಎಷ್ಟು ಅಂತ ಸಭಾದಾಗ ಇಡಬೇಕಂತೀನಿ.

ಕಾಯ್ದೆ_ಪುಸ್ತಕ
ಮಾಹಿತಿ ಹಕ್ಕಿನಲ್ಲಿ ಕೇಳಿ. ಪಾಲಿಕೆಯ ಮಾಹಿತಿ ಅಧಿಕಾರಿಗೆ ಅರ್ಜಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಹೆಸರುಗಳನ್ನು ಕೇಳಬೇಡಿ, ಖಾಸಗಿ ಮಾಹಿತಿ ಎಂದು ತಿರಸ್ಕರಿಸುತ್ತಾರೆ. ತಿಂಗಳುವಾರು ರಾತ್ರಿ ತಂಗಿದವರ ಸಂಖ್ಯೆ ಮಾತ್ರ ಕೇಳಿ. ನಿರ್ವಹಣಾ ಅನುದಾನ ಯಾವಾಗ ಶುರುವಾಯಿತು, ಐದು ವರ್ಷ ಯಾವಾಗ ಮುಗಿಯುತ್ತದೆ ಎಂಬುದಕ್ಕೆ ಬೇರೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ.

ಗಂಜ್_ಕಟ್ಟಿ
150 ಪದ ಅಂದ್ರ @ಕಾಯ್ದೆ_ಪುಸ್ತಕ ಸರ್ ಕಡಿಂದ ಬರೆಸಬ್ಯಾಡ್ರಿ ಮತ್ತ 😄

ಫರ್ಸಿ_ಕಲ್ಲು
ಮೂರನೇ ಅರ್ಜಿ ಕಟ್ಟಡದ್ದು ಹಾಕ್ರಿ. ಮಂಜೂರಾದ ನಕ್ಷಾ ಮತ್ತ ಫೂಟಿಂಗ್ ಡ್ರಾಯಿಂಗಿನ ದೃಢೀಕೃತ ನಕಲು. ಸಿಕ್ಕ ಮ್ಯಾಲ ಇಲ್ಲಿ ಹಾಕ್ರಿ, ಕಂಬದ ಲೆಕ್ಕ ಮಾಡಿ ಹೇಳೋಣ.